ತೆರೆಯದ ಬಾಗಿಲಿಗೆ ಐದು ನಕ್ಷತ್ರ

ಬಸ್ ನಿಲ್ದಾಣಗಳ ಸಾರ್ವಜನಿಕ ಸೌಲಭ್ಯಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ನಮ್ಮ ಬಸ್ ನಿಲ್ದಾಣದಲ್ಲಿ ಕಟ್ಟಿಸಿರುವ ಸ್ಮಾರ್ಟ್ ಶೌಚಾಲಯದೊಳಗೆ ನಾನು ನಲವತ್ತೇಳು ನಿಮಿಷ ಇದ್ದೆ. ಅದರಲ್ಲಿ ನನ್ನ ಕೆಲಸಕ್ಕೆ ಬೇಕಾದದ್ದು ಮೂರು ನಿಮಿಷ. ಉಳಿದ ನಲವತ್ನಾಲ್ಕು ನಿಮಿಷ ನಾನು ಹೊರಗೆ ಬರುವ ಪ್ರಯತ್ನದಲ್ಲಿದ್ದೆ. ಆ ನಲವತ್ನಾಲ್ಕು ನಿಮಿಷಗಳ ಬಗ್ಗೆ ತಮಗೊಂದು ದೂರು ಬರೆದೆ. ದೂರನ್ನು 'ಸಂತೋಷದಿಂದ ಮುಕ್ತಾಯಗೊಳಿಸಲಾಗಿದೆ' ಎಂದು ತಮ್ಮ ಕಚೇರಿ ಉತ್ತರ ಕಳಿಸಿದೆ. ಯಾರ ಸಂತೋಷ, ಏತಕ್ಕೆ ಸಂತೋಷ ಎಂದು ನಾಲ್ಕು ಜನರ ಎದುರಿಗೇ ಕೇಳೋಣವೆಂದು ಈ ಪತ್ರ.

ಯಾವ ಊರಿನ ನಿಲ್ದಾಣ ಎಂದು ಬರೆಯುವುದಿಲ್ಲ. ತಮಗೆ ಗೊತ್ತು. ಅಲ್ಲಿನ ಜನಕ್ಕೂ ಗೊತ್ತು, ಮತ್ತು ಅವರು ಈಗಾಗಲೇ ನನ್ನನ್ನು ಕಂಡರೆ ಸೆರಗು, ಟವೆಲು ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದಾರೆ. ಕನಕಪುರದವಳಾದ ನಾನು ಮಾಗಡಿಗೆ ಹೋಗಬೇಕಾದಾಗ ಅಲ್ಲಿ ಇಳಿದು ಬಸ್ಸು ಬದಲಿಸುತ್ತೇನೆ, ಅಷ್ಟು ಸಾಕು. ಆ ದಿನ ಮಾಗಡಿಯಲ್ಲಿ ನನ್ನ ತಮ್ಮನ ಮಗಳು ರಮ್ಯಾಳ ಸೀಮಂತ. ಹನ್ನೆರಡೂವರೆಗೆ ಆರತಿ. ಹನ್ನೊಂದಕ್ಕೆ ನಾನು ನಿಲ್ದಾಣದಲ್ಲಿ ಇಳಿದೆ. ಸಮಯ ಬೇಕಾದಷ್ಟಿತ್ತು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು, ಪೋಸ್ಟ್ ಮಾಸ್ಟರ್ ಆಗಿ ನಿವೃತ್ತಳಾದವಳು ನಾನು. ಹೊತ್ತಿಗೆ ಸರಿಯಾಗಿ ಹೋಗುವುದು ನನ್ನ ಹಳೆಯ ಚಟ.

ನಿಲ್ದಾಣದ ಹಿಂದುಗಡೆ ಇದ್ದ ಹಳೆಯ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುನಿಶಾಮಯ್ಯ ಇರಲಿಲ್ಲ. ಅವರ ಸ್ಟೂಲೂ ಇರಲಿಲ್ಲ. 'ಸುಖನಿರ್ಗಮ ಸ್ಮಾರ್ಟ್ ಸೌಲಭ್ಯವನ್ನು ಬಳಸಿ' ಎಂಬ ಬೋರ್ಡು, ಅದರ ಕೆಳಗೊಂದು ಬಾಣ. ಬಾಣ ಹಿಡಿದು ಹೋದರೆ ತಳತಳ ಹೊಳೆಯುವ ಉಕ್ಕಿನ ಪೆಟ್ಟಿಗೆ. ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಬಾಗಿಲ ಪಕ್ಕ ಗಾಜಿನ ಪರದೆ. 'ಸ್ವಾಗತ! ತಮ್ಮ ಮೊಬೈಲ್ ಸಂಖ್ಯೆ ನಮೂದಿಸಿ' ಎಂದಿತು ಪರದೆ. ನಮೂದಿಸಿದೆ. ನನ್ನ ಫೋನಿಗೆ ಆರಂಕಿಯ ಒಟಿಪಿ ಬಂತು. ಬ್ಯಾಂಕಿನವರು ನನ್ನ ಪಿಂಚಣಿಗೂ ಇಷ್ಟೊಂದು ಕಾವಲು ಇಟ್ಟಿಲ್ಲ, ಮಾನ್ಯರೇ. ಶೌಚಾಲಯದೊಳಗೆ ಯಾರಾದರೂ ನನ್ನ ಹೆಸರಿನಲ್ಲಿ ಹೋಗಿಬಂದರೆ ನನಗಾಗುವ ನಷ್ಟವೇನು ಎಂದು ತಾವೊಮ್ಮೆ ವಿವರಿಸಬೇಕು.

ಅಲ್ಲೇ ಮೆಟ್ಟಿಲ ಹತ್ತಿರ ಬೈರಮ್ಮ ನಿಂತಿದ್ದಳು. ಕೂಟಗಲ್ಲಿನವಳು. ಸ್ವಂತ ಹೊಲದಲ್ಲಿ ಬೆಳೆದ ಸೊಪ್ಪು, ಬದನೆಕಾಯಿ ತಂದು ವಾರಕ್ಕೆ ಮೂರು ದಿನ ನಿಲ್ದಾಣದ ಗೋಡೆ ಪಕ್ಕ ಮಾರುತ್ತಾಳೆ. ನಾನು ಬಸ್ಸು ಬದಲಿಸುವಾಗಲೆಲ್ಲ ಅವಳ ಹತ್ತಿರ ದಂಟಿನ ಸೊಪ್ಪು ತೆಗೆದುಕೊಂಡು ಪರಿಚಯ.

"ಅಕ್ಕೋ, ನನ್ ತಾವ ಫೋನಿಲ್ಲ ಕಣಕ್ಕ. ನಿಂದಾಯ್ತಿದ್ದಂಗೆ ನಿನ್ ಫೋನಲ್ಲೇ ನನ್ಗೂ ಒಸಿ ಬಾಗ್ಲು ತೆಗೆಸಿಕೊಡು. ಬೆಳಿಗ್ಗೆ ಆರು ಗಂಟೆಯಿಂದ ತಡ್ಕೊಂಡು ಕುಂತಿವ್ನಿ" ಎಂದಳು.

"ಎರಡು ನಿಮಿಷ ಇರು, ಬಂದೆ" ಎಂದೆ. ಬಾಗಿಲು ತಳ್ಳಿ ಒಳಗೆ ಇಣುಕಿದೆ. ಬ್ಯಾಗು ನೇತುಹಾಕಲು ಒಂದು ಮೊಳೆ ಇಲ್ಲ, ಇಡಲು ಒಂದು ಗೇಣು ಹಲಗೆ ಇಲ್ಲ, ನೆಲವೆಲ್ಲ ನೀರು. ಬ್ಯಾಗಿನಲ್ಲಿ ರಮ್ಯಾಳಿಗೆ ಉಡಿ ತುಂಬುವ ಸೀರೆ. ಬ್ಯಾಗನ್ನು ಬೈರಮ್ಮನ ಕೈಗೆ ಕೊಟ್ಟೆ. ಫೋನು ಬ್ಯಾಗಿನಲ್ಲೇ ಇತ್ತು. ಹೀಗೆ ನಾನು ಒಳಗೆ, ನನ್ನ ಒಟಿಪಿ ಹೊರಗೆ.

ಮೂರು ನಿಮಿಷದ ವಿಷಯ ಬಿಡೋಣ. ಕೈ ತೊಳೆದುಕೊಂಡೆ. ತೊಳೆಯದಿದ್ದರೆ ಬಾಗಿಲು ತೆರೆಯುವುದಿಲ್ಲ ಎಂದು ಒಂದು ಹೆಣ್ಣಿನ ದನಿ ಎಚ್ಚರಿಸಿತ್ತು. ತೊಳೆದ ಮೇಲೆ ಅದೇ ದನಿ, "ತಮ್ಮ ಅಮೂಲ್ಯ ಅಭಿಪ್ರಾಯವನ್ನು ದಾಖಲಿಸಿ ನಿರ್ಗಮಿಸಿ" ಎಂದಿತು. ಬಾಗಿಲ ಮೇಲಿನ ಸಣ್ಣ ಪರದೆಯಲ್ಲಿ ಐದು ನಕ್ಷತ್ರಗಳು ಹೊಳೆದವು. ಎಷ್ಟು ನಕ್ಷತ್ರ ಎಂದು ಹೇಳದೆ ಬಾಗಿಲು ಬಿಡುವುದಿಲ್ಲವಂತೆ. ಹೊಗಳಿಕೆಯನ್ನು ಹೀಗೆ ಚಿಲಕ ಹಾಕಿ ವಸೂಲು ಮಾಡುವ ಉಪಾಯ ಯಾರಿಗೆ ಹೊಳೆಯಿತೋ, ಅವರನ್ನು ನೋಡುವ ಆಸೆಯಿದೆ.

ಎರಡು ನಕ್ಷತ್ರ ಒತ್ತಿದೆ. ಪರದೆ ಅಲುಗಲಿಲ್ಲ. ಮೂರು ಒತ್ತಿದೆ. ಇಲ್ಲ. ಆಮೇಲೆ ಅರ್ಥವಾಯಿತು: ಪರದೆಗೆ ಒದ್ದೆ ಬೆರಳು ಗೊತ್ತಾಗುವುದಿಲ್ಲ. ಕೈ ತೊಳೆ ಎಂದವರೂ ತಾವೇ, ತೊಳೆದ ಕೈಯನ್ನು ಗುರುತಿಸದವರೂ ತಾವೇ. ಒರೆಸಿಕೊಳ್ಳಲು ಕಾಗದವಿಲ್ಲ. ಬಿಸಿಗಾಳಿಯ ಯಂತ್ರವೊಂದಿದೆ, ಗಾಳಿಯಿಲ್ಲ. ನಲ್ಲಿಯಡಿ ಕೈ ತೋರಿಸಿ, ನೀರು ಮುಟ್ಟದೆ ನಾಟಕ ಆಡಿದವರು ಮಾತ್ರ ಸಲೀಸಾಗಿ ಹೊರಗೆ ಬರಬಹುದು. ಶುಚಿಯಾಗಿರುವವರನ್ನು ಹಿಡಿದಿಟ್ಟುಕೊಳ್ಳುವ ಶೌಚಾಲಯವನ್ನು ನಾನು ಮೊದಲ ಸಲ ನೋಡಿದೆ.

ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಳ್ಳುತ್ತ ನಿಂತೆ. ಅರವತ್ತೈದರ ಹೆಂಗಸು, ನಿಧಾನವಾಗಿ ಒರೆಸಿಕೊಂಡೆ. ಅಷ್ಟರಲ್ಲಿ ದೀಪ ಆರಿತು. ಕತ್ತಲಲ್ಲಿ ಆ ದನಿ ತಣ್ಣಗೆ ಹೇಳಿತು: "ಒಳಗೆ ಯಾರೂ ಇಲ್ಲ. ಸ್ವಚ್ಛತಾ ಕಾರ್ಯ ಆರಂಭವಾಗುತ್ತಿದೆ."

"ನಾನಿದ್ದೀನಿ!" ಎಂದು ಕೂಗಿದೆ. ಅದಕ್ಕೆ ಕಿವಿ ಇಲ್ಲ. ಅಲುಗಾಡಿದರೆ ಮಾತ್ರ ಮನುಷ್ಯರು ಎಂದು ಅದಕ್ಕೆ ಹೇಳಿಕೊಟ್ಟಿದ್ದೀರಿ. ನಾಲ್ಕೂ ಗೋಡೆಯಿಂದ ನೀರು ಚಿಮ್ಮಿತು. ಮೊಣಕಾಲಿನವರೆಗೆ ನನ್ನ ಮೈಸೂರು ಸಿಲ್ಕ್ ಸೀರೆ ತೊಯ್ದುಹೋಯಿತು. ಗಾಬರಿಯಲ್ಲಿ ಎರಡೂ ಕೈ ಎತ್ತಿ ಬೀಸಿದೆ. ದೀಪ ಬಂತು. ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ದೀಪ ಆರಿತು. ಮತ್ತೆ ಬೀಸಿದೆ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಉಕ್ಕಿನ ಪೆಟ್ಟಿಗೆಯಲ್ಲಿ ಒಬ್ಬಳೇ ನಿಂತು, ನಾನು ಇದ್ದೇನೆ ಎಂದು ಒಂದು ಗೋಡೆಗೆ ಕೈ ಬೀಸಿ ನಂಬಿಸುವ ಕಾಲ ನನಗೆ ಬರುತ್ತದೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಆಗ ನಡೆದದ್ದನ್ನು ತಾವು ಗಮನವಿಟ್ಟು ಓದಬೇಕು. ಚಿಮ್ಮಿದ ನೀರಿನ ಒಂದು ಹನಿ ಪರದೆಯ ಮೇಲೆ ಜಾರುತ್ತ ಹೋಗಿ ಐದನೆಯ ನಕ್ಷತ್ರದ ಮೇಲೆ ನಿಂತಿತು. ನನ್ನ ಬೆರಳಿಗೆ ಬಗ್ಗದ ಪರದೆ ಆ ಹನಿಗೆ ಬಗ್ಗಿತು. "ಅತ್ಯುತ್ತಮ! ಧನ್ಯವಾದಗಳು!" ಎಂದಿತು ದನಿ. ಬಾಗಿಲು ಟಕ್ ಎಂದಿತು. ಬಾಗಿಲು ಒಳಕ್ಕೆ ಎಳೆದುಕೊಳ್ಳುವಂಥದ್ದು. ಎಳೆಯಲು ಹಿಡಿ ಬೇಕಲ್ಲ? ಹಿಡಿಯೇ ಇಲ್ಲ. ಕನ್ನಡಿಯಂಥ ನುಣುಪು ಉಕ್ಕು, ಅಂಚಿನಲ್ಲಿ ಉಗುರು ತೂರುವಷ್ಟು ಒಂದು ಸಂದು. ಉಗುರು ತೂರಿಸಿದೆ, ಜಾರಿತು. ಇನ್ನೊಮ್ಮೆ ತೂರಿಸುವಷ್ಟರಲ್ಲಿ ಮತ್ತೆ ಟಕ್. ಬಾಗಿಲು ತೆರೆದಿರುವ ಅವಧಿ ನಾಲ್ಕು ಸೆಕೆಂಡು ಎಂದು ಆಮೇಲೆ ತಿಳಿಯಿತು. ಪರದೆಯ ನೀರು ಒರೆಸಿ, ಒಣಗಿದ ಬೆರಳಿನಿಂದ ಮತ್ತೆ ಒತ್ತಿದೆ. ಈ ಸಲ ಅದಕ್ಕೆ ಗೊತ್ತಾಯಿತು. ಉತ್ತರವೂ ಬಂತು: "ತಾವು ಈಗಾಗಲೇ ಅಭಿಪ್ರಾಯ ನೀಡಿದ್ದೀರಿ. ಒಬ್ಬರಿಗೆ ಒಮ್ಮೆ ಮಾತ್ರ ಅವಕಾಶ."

ಇಷ್ಟು ಹೊತ್ತಿಗೆ ಹೊರಗೆ ಬೈರಮ್ಮ ಬಾಗಿಲು ಬಡಿಯುತ್ತಿದ್ದಳು.

"ಅಕ್ಕಾ! ಏನಾತಕ್ಕ? ಬಿದ್ದ್ಬುಟ್ಟಾ?"

"ಬಿದ್ದಿಲ್ಲ ಕಣೆ! ಬಾಗಿಲು ಬರ್ತಾ ಇಲ್ಲ!"

"ಎಳಿಯಕ್ಕ!"

"ಏನನ್ನ ಹಿಡ್ಕೊಂಡು ಎಳೀಲಿ?"

ಈ ಪ್ರಶ್ನೆ ತಮಗೂ ಸೇರಿದ್ದು. ಬೈರಮ್ಮ ಜನ ಕೂಗಿದಳು. ಜನ ಬೇಗ ಬಂದರು, ನಮ್ಮ ಕಡೆ ಅದೊಂದು ಸೌಕರ್ಯಕ್ಕೆ ಯಾವ ಆ್ಯಪೂ ಬೇಡ. ಚನ್ನಪಟ್ಟಣದ ಬಸ್ಸಿಗೆ ಕಾಯುತ್ತಿದ್ದ ಅಸ್ರಾ ಎಂಬ ಕಾಲೇಜು ಹುಡುಗಿ ಹೊರಗೋಡೆಯ ಸಹಾಯವಾಣಿಗೆ ಫೋನು ಮಾಡಿದಳು. ಒಂದು ಒತ್ತಿ, ಎರಡು ಒತ್ತಿ ಎಲ್ಲ ಮುಗಿದ ಮೇಲೆ ಒಬ್ಬ ಮನುಷ್ಯ ಸಿಕ್ಕಿ, ಒಳಗಿರುವವರ ನಂಬರಿಗೆ ತುರ್ತು ಒಟಿಪಿ ಕಳಿಸುತ್ತೇವೆ, ಅವರು ಒಳಗಿನ ಪರದೆಯಲ್ಲಿ ಒತ್ತಲಿ ಎಂದ. ಒಟಿಪಿ ಬೈರಮ್ಮನ ಕೈಯಲ್ಲಿದ್ದ ನನ್ನ ಬ್ಯಾಗಿಗೆ ಬಂದು ತಲುಪಿತು. ಅಸ್ರಾ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದಳು.

"ಆಂಟಿ, ಎಂಟು! ಎರಡು! ಏಳು!"

ಅದೇ ಹೊತ್ತಿಗೆ ಹಿಂದೆ ಒಬ್ಬ ಕಂಡಕ್ಟರ್, "ಮಾಗಡಿ ಮಾಗಡಿ ಮಾಗಡಿ! ಇನ್ನೆರಡು ಸೀಟು, ಎರಡೇ ಎರಡು!" ಎಂದು ಕೂಗಿದ. ನಾನು ಎರಡು ಒತ್ತಿದೆ. ತಪ್ಪಾಯಿತು. ನನ್ನ ಬಸ್ಸು ಹೊರಟಿದ್ದು ನನಗೆ ಒಳಗಿನಿಂದಲೇ ಕೇಳಿಸಿತು. ಎರಡನೆಯ ಒಟಿಪಿಗೆ ಲಾರಿಯ ಹಾರ್ನು, ಮೂರನೆಯದಕ್ಕೆ ಬೈರಮ್ಮನ ಉತ್ಸಾಹ ಅಡ್ಡ ಬಂತು. ಅಸ್ರಾ 'ಆರು' ಎಂದರೆ ಬೈರಮ್ಮ ಪಕ್ಕದಲ್ಲಿ, "ಆರು, ಆರು ಅಂತೆ ಕಣಕ್ಕ, ಆರು!" ಎನ್ನುತ್ತಿದ್ದಳು. ನಾನು ನಾಲ್ಕು ಆರು ಒತ್ತಿಬಿಟ್ಟೆ. ಪರದೆ ಕೆಂಪಾಯಿತು. "ಭದ್ರತೆಯ ದೃಷ್ಟಿಯಿಂದ ಈ ಬಾಗಿಲನ್ನು ಮೂವತ್ತು ನಿಮಿಷ ತಡೆಹಿಡಿಯಲಾಗಿದೆ." ಯಾರ ಭದ್ರತೆ, ಮಾನ್ಯರೇ? ನಾನು ಹೊರಗೆ ಬಂದರೆ ಊರಿಗೆ ಅಪಾಯವೇ?

ನಾನು ಅತ್ತದ್ದನ್ನು ಒಪ್ಪಿಕೊಳ್ಳುತ್ತೇನೆ. ಜೋರಾಗಿ ಅಲ್ಲ. ಅಲುಗಾಡದೆ ಅತ್ತರೆ ನೀರು ಚಿಮ್ಮುತ್ತದಲ್ಲ, ಅದಕ್ಕೆ ಒಂದು ಕೈ ಬೀಸುತ್ತ, ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅತ್ತೆ.

ನನ್ನನ್ನು ಹೊರಗೆ ತಂದವರು ಶುಕೂರ್. ಎದುರುಗಡೆ ಮಿಕ್ಸಿ, ಪಂಪ್‌ಸೆಟ್ಟು ರಿಪೇರಿ ಮಾಡುವ ಅಂಗಡಿ ಅವರದು. ಅವರು ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಹಿಂದಿನ ಮೀಟರ್ ಬೋರ್ಡು ನೋಡಿ, ಬಾಗಿಲ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಮ್ಮಾ, ಒಂದ್ನಿಮಿಷ ಕತ್ತಲಾಯ್ತದೆ, ಹೆದ್ರಬೇಡಿ. ಬಾಗ್ಲಿಂದ ಒಸಿ ಹಿಂದಕ್ಕೆ ನಿಂತ್ಕಳಿ, ನಾನು ಈಚೆಯಿಂದ ನೂಕ್ತೀನಿ." ಮೇನ್ ಸ್ವಿಚ್ ಆರಿಸಿದರು. ಬೀಗದ ಕರೆಂಟು ಹೋಯಿತು. ಬಾಗಿಲು ಹೇಳಿದ ಮಾತು ಕೇಳುವ ಮಗುವಿನಂತೆ ತೆರೆದುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಬೈರಮ್ಮ ಬ್ಯಾಗು ಕೊಟ್ಟಳು. ಕರೆಂಟು ಬಂದ ಮೇಲೆ ನಾನು ಕೊಟ್ಟ ಮಾತಿನಂತೆ ಅವಳಿಗಾಗಿ ನನ್ನ ನಂಬರು ಒತ್ತಿದೆ. 'ಈ ಸಂಖ್ಯೆಗೆ ಮುಂದಿನ ಬಳಕೆ ನಾಲ್ಕು ಗಂಟೆಗಳ ನಂತರ' ಎಂದಿತು ಪರದೆ. ಅಸ್ರಾ ತನ್ನ ನಂಬರು ಒತ್ತಲು ಮುಂದೆ ಬಂದಳು. ಬೈರಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಬ್ಯಾಡ ಕಣವ್ವ. ಓದು ಬರೋ ಅಕ್ಕನ್ನೇ ಇಷ್ಟೊತ್ತು ಹಿಡ್ಕೊಂತು. ನನ್ನ ಬುಟ್ಟಾತಾ ಅದು?"

ಅವಳು ಸೊಪ್ಪಿನ ಮಂಕರಿಯ ಕಡೆ ನಡೆದುಹೋದಳು. ನಾನು ತಡೆಯಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ಬೆಳಿಗ್ಗೆಯಿಂದ ತಡೆದುಕೊಂಡಿದ್ದವಳು ತನ್ನ ಕಷ್ಟ ಮರೆತು ಮುಕ್ಕಾಲು ಗಂಟೆ ನನ್ನ ಬಾಗಿಲು ಬಡಿದಿದ್ದಳು. ನಾನು ನನ್ನ ಒದ್ದೆ ಸೀರೆ, ನನ್ನ ಅವಮಾನ, ನನ್ನ ತಪ್ಪಿದ ಬಸ್ಸು ಎಂದುಕೊಂಡು ಮುಂದಿನ ಮಾಗಡಿ ಬಸ್ಸು ಹತ್ತಿಬಿಟ್ಟೆ. ಹೋದಾಗ ಆರತಿ ಮುಗಿದು ಎಲೆ ಹಾಕಿದ್ದರು. "ಅತ್ತೆ, ಮಳೆ ಬಂತಾ?" ಎಂದಳು ರಮ್ಯಾ. "ಹ್ಞೂಂ, ದಾರೀಲಿ" ಎಂದೆ.

ಎರಡು ವಾರದ ನಂತರ ಮತ್ತೆ ಆ ನಿಲ್ದಾಣಕ್ಕೆ ಹೋದೆ. ಶುಕೂರ್ ಅವರಿಗೆ ಒಂದು ಡಬ್ಬಿ ಒಬ್ಬಟ್ಟು ಒಯ್ದಿದ್ದೆ. ಬೈರಮ್ಮನ ಜಾಗ ಖಾಲಿ. "ಆಯಮ್ಮ ಆಸ್ಪತ್ರೇಲವ್ರೆ" ಎಂದರು ಶುಕೂರ್. ಹಳೆಯ ಶೌಚಾಲಯಕ್ಕೆ ಬೀಗ ಬಿದ್ದಾಗಿನಿಂದ, ಅಂದರೆ ಎರಡು ತಿಂಗಳಿಂದ, ಸೊಪ್ಪು ಮಾರಲು ಬರುವ ದಿನ ಅವಳು ಎದ್ದಾಗಿನಿಂದ ಒಂದು ಹನಿ ನೀರು ಕುಡಿಯುತ್ತಿರಲಿಲ್ಲವಂತೆ. ಬಿಸಿಲಲ್ಲಿ ಎಂಟು ಗಂಟೆ ಕೂತು ಮನೆಗೆ ಹೋದ ಮೇಲೆ ಕುಡಿಯುವುದು. ಉರಿ ಶುರುವಾಯಿತು, ಯಾರಿಗೂ ಹೇಳಲಿಲ್ಲ. ಚಳಿಜ್ವರ ಬಂದು ಎಚ್ಚರ ತಪ್ಪಿದಾಗ ಮನೆಯವರು ಎತ್ತಿಕೊಂಡು ಹೋಗಿದ್ದಾರೆ. ಸೋಂಕು ಮೂತ್ರಪಿಂಡಕ್ಕೇ ಹೋಗಿತ್ತು.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತೆ. ಮುಖ ಸಣ್ಣಗಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. "ಡಾಕ್ಟ್ರು ಕೇಳಿದ್ರು ಕಣಕ್ಕ, ನೀರ್ಯಾಕಮ್ಮ ಕುಡಿಯಲ್ಲ ಅಂತ. ನನ್ ತಾವ ಫೋನಿಲ್ಲ ಅಂದೆ. ಜ್ವರ ತಲೆಗೇರೈತೆ ಅಂದ್ಕಂಡು ಇನ್ನೊಂದು ಇಂಜೆಕ್ಷನ್ ಕೊಟ್ಬುಟ್ರು" ಎಂದು ನಕ್ಕಳು. ನಾನೂ ನಕ್ಕೆ. ನಗುತ್ತ ನಗುತ್ತ ಅವಳ ಕೈ ಹಿಡಿದುಕೊಂಡು, "ಅವತ್ತು ನಾನು ನಿನ್ನನ್ನ ಬಿಟ್ಟು ಹೋಗಬಾರದಿತ್ತು" ಎಂದೆ. "ಬುಡಕ್ಕ, ನೀನೇನ್ ಮಾಡೀಯೆ, ತೊಪ್ಪೆಯಾಗಿದ್ದೆ" ಎಂದಳು. ಅವಳು ಅಷ್ಟು ಸುಲಭವಾಗಿ ಬಿಟ್ಟದ್ದನ್ನು ನಾನು ಬಿಡಲಾರದೆ ಮನೆಗೆ ಬಂದು ತಮಗೆ ಆ ದೂರು ಬರೆದೆ. ನಾಲ್ಕು ಪುಟ. ನನ್ನ ಕಥೆ ಎರಡು ಪುಟ, ಬೈರಮ್ಮನದು ಎರಡು.

ಹದಿನೇಳನೆಯ ದಿನ ಉತ್ತರ ಬಂತು. ಪೂರ್ತಿ ಕೊಡುತ್ತೇನೆ, ಏಕೆಂದರೆ ಪೂರ್ತಿ ಇರುವುದೇ ಇಷ್ಟು: "ದಾಖಲೆಗಳ ಪ್ರಕಾರ ತಾವು ಸದರಿ ದಿನ ಬೆಳಿಗ್ಗೆ 11.17ಕ್ಕೆ ಸೌಲಭ್ಯವನ್ನು 'ಅತ್ಯುತ್ತಮ' ಎಂದು ಶ್ಲಾಘಿಸಿರುತ್ತೀರಿ. ಆದ ಕಾರಣ ತಮ್ಮ ದೂರನ್ನು ಸಂತೋಷದಿಂದ ಮುಕ್ತಾಯಗೊಳಿಸಲಾಗಿದೆ." ಅಸ್ರಾ ಮಾಹಿತಿ ಹಕ್ಕಿನಲ್ಲಿ ತಮ್ಮ ತ್ರೈಮಾಸಿಕ ವರದಿಯನ್ನೂ ತರಿಸಿದಳು. ಅದರಲ್ಲಿ ನಾನಿದ್ದೇನೆ! 'ಒಬ್ಬ ಬಳಕೆದಾರರು ಗರಿಷ್ಠ ನಲವತ್ತೇಳು ನಿಮಿಷ ಸೌಲಭ್ಯದಲ್ಲಿ ಕಳೆದಿದ್ದು, ಸಾರ್ವಜನಿಕರು ಇಲ್ಲಿ ಹೆಚ್ಚಿನ ಸಮಯ ಕಳೆಯಲು ಇಷ್ಟಪಡುತ್ತಿರುವುದು ಕಂಡುಬಂದಿದೆ.' ಇಡೀ ವರದಿಯಲ್ಲಿ ಎಲ್ಲರೂ ತೃಪ್ತರೇ. ಹೇಗೆ ಇಲ್ಲದಿರುತ್ತಾರೆ? ಒಳಗೆ ಹೋಗಲಾಗದವರಿಗೆ ಪರದೆಯಿಲ್ಲ. ಬೈರಮ್ಮ ಎಷ್ಟು ನಕ್ಷತ್ರ ಕೊಟ್ಟಳೆಂದು ತಮ್ಮ ಯಂತ್ರವನ್ನು ಕೇಳಿ ನೋಡಿ. ಅದು ಒಳಗೆ ನನ್ನನ್ನಿಟ್ಟುಕೊಂಡೇ ಯಾರೂ ಇಲ್ಲ ಎಂದಿದೆ, ಹೊರಗೆ ನಿಂತವಳ ಬಗ್ಗೆ ಏನು ಹೇಳೀತು?

ನಾನು ಯಂತ್ರದ ವೈರಿಯಲ್ಲ. ಫೋನಿನಲ್ಲೇ ಕರೆಂಟು ಬಿಲ್ಲು ಕಟ್ಟುತ್ತೇನೆ, ಬಸ್ಸು ಎಲ್ಲಿದೆ ನೋಡುತ್ತೇನೆ. ಕೌಂಟರಿನ ಆಚೆಯವರ ಕಷ್ಟ ಈಚೆ ಕೂತವರಿಗೆ ಕಾಣುವುದಿಲ್ಲ ಎಂಬುದೂ ನನಗೆ ಹೊಸದಲ್ಲ, ನಾನೂ ಈಚೆ ಕೂತವಳೇ. ಹೋಬಳಿ ಊರೊಂದರ ಅಂಚೆ ಕಚೇರಿಯಲ್ಲಿದ್ದಾಗ, ಕದಿಯುತ್ತಾರೆಂದು ಕೌಂಟರಿನ ಪೆನ್ನಿಗೆ ದಾರ ಕಟ್ಟಿಸಿದ್ದೆ. ಎರಡು ವರ್ಷ ಎಲ್ಲರ ಅಕ್ಷರ ಏಕೆ ಇಷ್ಟು ಸೊಟ್ಟ ಎಂದು ಗೊಣಗುತ್ತಿದ್ದೆ. ಒಂದು ದಿನ ನಂಜುಂಡಯ್ಯ ಎಂಬ ರೈತ ಫಾರಂ ತುಂಬಲು ಒದ್ದಾಡುತ್ತಿದ್ದಾಗ, ಬೇಗ ಬರೀರಿ ಎಂದು ಗದರಿದೆ. ಆತ, "ಅಮ್ಮಾವ್ರೇ, ಒಂದ್ಸಲ ಈಚೆ ಬಂದು ನೀವೇ ಬರೀರಿ" ಎಂದ. ಸಿಟ್ಟಿನಲ್ಲೇ ಎದ್ದು ಹೋದೆ. ಆತ ಎಡಗೈಯವನು. ನಾನು ಎಡಗೈಯಲ್ಲಿ ಪೆನ್ನು ಹಿಡಿದು ನೋಡಿದೆ, ದಾರ ಕಾಗದದ ಅರ್ಧಕ್ಕೂ ಬರಲಿಲ್ಲ. ಬಲಗೈಯವರಿಗೂ ಕೊನೆಯ ಎರಡು ಸಾಲಿಗೆ ಬರುತ್ತಿರಲಿಲ್ಲ. ಆ ಸಂಜೆಯೇ ಒಂದು ಮೊಳ ಉದ್ದದ ದಾರ ಕಟ್ಟಿದೆ. ಎರಡು ವರ್ಷ ಜನರ ಅಕ್ಷರವನ್ನು ಬೈದಿದ್ದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಚನ್ನಪಟ್ಟಣದಲ್ಲಿ ನನಗೆ ಪರಿಚಯದ ಅಸದುಲ್ಲಾ ಎಂಬುವರು ಮರದ ಆಟಿಕೆ ಕಡೆಯುತ್ತಾರೆ. ಹೊಸ ಗಿಲಕಿ ಮಾಡಿದರೆ ಮೊದಲನೆಯದನ್ನು ಅಂಗಡಿಗೆ ಕೊಡುವುದಿಲ್ಲ. ಓಣಿಯ ಯಾವುದಾದರೂ ಮಗುವಿನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಾರೆ. ಮಗು ಅದನ್ನು ಎಸೆಯುತ್ತದೆ, ತಲೆಗೆ ಬಡಿದುಕೊಳ್ಳುತ್ತದೆ, ತಿರುಗಿಸಿ ಹಿಡಿಕೆಯ ಕಡೆಯಿಂದ ಚೀಪುತ್ತದೆ. "ಅದು ತಪ್ಪಾಗಿ ಹಿಡೀತು ಅಂತ ಮಗೂಗೆ ಹೇಳಕ್ಕಾಯ್ತದಾ ಅಮ್ಮಾ? ಅದು ಹೆಂಗ್ ಹಿಡೀತೋ ಅದೇ ಸರಿ. ನಾನು ಇನ್ನೊಂದು ಕಡೀಬೇಕು" ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಇದನ್ನು ಅವರು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ತಮ್ಮ ಪೆಟ್ಟಿಗೆಯನ್ನು ಕಟ್ಟಿದವರು ಒಬ್ಬ ಹೆಂಗಸನ್ನು, ಸೀರೆ ಉಟ್ಟ, ಬ್ಯಾಗು ಹಿಡಿದ, ಕೈ ತೊಳೆದ ಒಬ್ಬಳೇ ಒಬ್ಬಳನ್ನು ಒಳಗೆ ಬಿಟ್ಟು ಹೊರಗೆ ಹತ್ತು ನಿಮಿಷ ಕೂತಿದ್ದರೆ ಸಾಕಿತ್ತು. ಕೂರಲಿಲ್ಲ. ಅದೇ ಕೈಗಳು ರಸ್ತೆ ದಾಟುವವರು ಒತ್ತುವ ಗುಂಡಿಯನ್ನು ಚರಂಡಿಯ ಆಚೆ ನೆಟ್ಟಿವೆ, ಗಾಲಿಕುರ್ಚಿಯ ಇಳಿಜಾರಿನ ಬುಡದಲ್ಲಿ ಬೈಕು ಬರಬಾರದೆಂದು ಮೂರು ಕಬ್ಬಿಣದ ಕಂಬ ಹೂತಿವೆ. ಬೈಕು ಸಂದಿಯಲ್ಲಿ ನುಸುಳುತ್ತದೆ, ಕುರ್ಚಿ ನಿಲ್ಲುತ್ತದೆ.

ಈಗ ನಾವು ಮಾಡಿರುವ ಅಪರಾಧಕ್ಕೆ ಬರುತ್ತೇನೆ. ಬೈರಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನಾನು, ಅಸ್ರಾ ಇಬ್ಬರೂ ಮುನಿಶಾಮಯ್ಯನವರನ್ನು ಹುಡುಕಿಕೊಂಡು ಅವರ ಮನೆಗೆ ಹೋದೆವು. ಹಳೆಯ ಶೌಚಾಲಯದ ಕೀಲಿಕೈ ಅವರ ಹತ್ತಿರವೇ ಇತ್ತು. ಯಾರೂ ವಾಪಸು ಕೇಳಿರಲಿಲ್ಲವಂತೆ.

"ತೆಗೀಬೋದು. ಆಮೇಕೆ ಯಾರಾನ ಕೇಳಿದ್ರೆ?" ಎಂದರು.

"ನಾನು ಹೇಳಿದೆ ಅನ್ನಿ" ಎಂದೆ.

"ನೀವ್ಯಾರು ಅಂತ ಕೇಳಿದ್ರೆ?"

"ಪೋಸ್ಟ್ ಮಾಸ್ಟರ್ ಅನ್ನಿ" ಎಂದೆ. ಪಿಂಚಣಿಯವಳು ಎಂಬುದನ್ನು ನಾನು ನುಂಗಿದೆ. ಅವರು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಿದ್ದರು.

ಬೀಗ ತುಕ್ಕು ಹಿಡಿದಿತ್ತು, ಶುಕೂರ್ ಎಣ್ಣೆ ಬಿಟ್ಟರು. ಐದು ಬಾಗಿಲು. ಪ್ರತಿಯೊಂದಕ್ಕೂ ಒಳಗಡೆ ಕೈತುಂಬ ಹಿಡಿಯುವಂಥ ಕಬ್ಬಿಣದ ಚಿಲಕ, ಬ್ಯಾಗಿಗೆ ಒಂದು ದಪ್ಪ ಮೊಳೆ, ಬಾಗಿಲ ಮೇಲ್ಗಡೆ ಗಾಳಿ ಬೆಳಕಿಗೆ ಒಂದು ಅಡಿ ಸಂದು. ಒಳಗೆ ಏನೇ ಆದರೂ ಕೂಗಿದರೆ ಹೊರಗೆ ಕೇಳಬೇಕು ಎಂದು ಯಾರೋ ಹೆಸರಿಲ್ಲದ ಮೇಸ್ತ್ರಿ ಯೋಚನೆ ಮಾಡಿ ಬಿಟ್ಟ ಸಂದು ಅದು. ಎಲ್ಲ ಚೆನ್ನಾಗಿತ್ತು ಎನ್ನುವುದಿಲ್ಲ. ಒಂದು ನಲ್ಲಿ ಸೋರುತ್ತಿತ್ತು, ಎರಡು ಬಾಗಿಲು ಕೆಳಗೆ ಕೊಳೆತಿದ್ದವು, ವಾಸನೆ ವಾಸನೆಯೇ. ಮೂರು ದಿನ ತಿಕ್ಕಿದೆವು. ಈಗ ಮೂರು ವಾರದಿಂದ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಅದು ತೆರೆದಿದೆ. ಮುನಿಶಾಮಯ್ಯ ಮತ್ತೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಕಂಕುಳಲ್ಲಿ ಮಗುವಿದ್ದ ಹೆಂಗಸು ಬಂದರೆ ಮಗುವನ್ನು ಎತ್ತಿಕೊಳ್ಳುತ್ತಾರೆ. ತಮ್ಮ ಪೆಟ್ಟಿಗೆಗೆ ಈ ಸೌಲಭ್ಯ ಅಳವಡಿಸಲು ಎಷ್ಟು ಸೆನ್ಸರ್ ಬೇಕಾಗಬಹುದು?

ಕಳೆದ ಸೋಮವಾರ ತಮ್ಮ ನೋಟಿಸು ಗೋಡೆಗೆ ಅಂಟಿತು. ಅನಧಿಕೃತವಾಗಿ ತೆರೆದಿರುವ ಈ ಕಟ್ಟಡವನ್ನು ಹದಿನೈದು ದಿನದೊಳಗೆ ಕೆಡವಲಾಗುವುದು, ಸಾರ್ವಜನಿಕರ ಅಪಾರ ಮೆಚ್ಚುಗೆಯ ಮೇರೆಗೆ ಇದೇ ಜಾಗದಲ್ಲಿ ಇನ್ನೂ ನಾಲ್ಕು, ಜಿಲ್ಲೆಯ ಇತರ ನಿಲ್ದಾಣಗಳಲ್ಲಿ ಹನ್ನೊಂದು ಸುಖನಿರ್ಗಮಗಳನ್ನು ಸ್ಥಾಪಿಸಲಾಗುವುದು. ಅಸ್ರಾ ಗಟ್ಟಿಯಾಗಿ ಓದಿದಳು. ಬೈರಮ್ಮ ಕೇಳಿಸಿಕೊಂಡು, "ಯಾರವ್ವ ಮೆಚ್ಚಿದ್ದು?" ಎಂದಳು. ನಾನು ತಲೆ ತಗ್ಗಿಸಿದೆ. ಆ ಅಪಾರ ಮೆಚ್ಚುಗೆಯಲ್ಲಿ ನನ್ನ ಸೀರೆಯನ್ನು ತೋಯಿಸಿದ ನೀರಿನ ಒಂದು ಹನಿಯ ಪಾಲೂ ಇದೆ. ಹಾಗಾಗಿ ಈ ಕಟ್ಟಡ ಬಿದ್ದರೆ ಸ್ವಲ್ಪ ನನ್ನಿಂದಲೂ ಬಿದ್ದ ಹಾಗೆ. ಅದು ಆಗಲು ನಾನು ಬಿಡುವುದಿಲ್ಲ. ಜೆಸಿಬಿ ಬಂದ ದಿನ ಆ ಐದು ಬಾಗಿಲ ಹಿಂದೆ ಐದು ಹೆಂಗಸರು ಚಿಲಕ ಹಾಕಿಕೊಂಡು ಕೂತಿರುತ್ತೇವೆ. ನಾನು ಮೊದಲನೆಯ ಬಾಗಿಲು, ಬೈರಮ್ಮ ಎರಡನೆಯದು. ಉಳಿದ ಮೂರಕ್ಕೆ ಈಗಾಗಲೇ ಪೈಪೋಟಿ ಇದೆ.

ಅದಕ್ಕೆ ಮೊದಲು ಒಂದು ಬೇಡಿಕೆ. ಒಂದೇ ಒಂದು. ತಾವು ಖುದ್ದಾಗಿ ಬನ್ನಿ. ಕಾರಿನಲ್ಲಿ ಬೇಡ, ಬಸ್ಸಿನಲ್ಲಿ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಯಾರದಾದರೂ ಮಗು ಇರಲಿ. ಫೋನನ್ನು ಮನೆಯಲ್ಲಿ ಬಿಡಿ. ಹೊರಡುವ ಮುಂಚೆ ಎರಡು ಲೋಟ ನೀರು ಕುಡಿದಿರಿ. ನೋಟಿಸಿಗೆ ಸಹಿ ಹಾಕಿದ ಇತರರನ್ನೂ ಕರೆತನ್ನಿ, ಒಬ್ಬೊಬ್ಬರಾಗಿ ಪೆಟ್ಟಿಗೆಯೊಳಗೆ ಹೋಗಿ ಬನ್ನಿ. ಎಲ್ಲರೂ ಹೊರಗೆ ಬಂದರೆ ನಾವೇ ನಿಂತು ಹಳೆಯ ಕಟ್ಟಡ ಕೆಡವಿಸುತ್ತೇವೆ. ಒಬ್ಬರಿಗಾದರೂ ಒಳಗೆ ಹೋಗಲಾಗದಿದ್ದರೆ, ಅಥವಾ ಬರಲಾಗದಿದ್ದರೆ, ನೋಟಿಸನ್ನು ಹರಿದುಹಾಕಿ, ಮುನಿಶಾಮಯ್ಯನವರ ಕೆಲಸವನ್ನು ಅವರಿಗೆ ವಾಪಸು ಕೊಟ್ಟು, ಆ ಎರಡು ಕೊಳೆತ ಬಾಗಿಲನ್ನು ರಿಪೇರಿ ಮಾಡಿಸಿಕೊಡಿ. ವಾರದ ಯಾವ ದಿನವಾದರೂ ಆದೀತು. ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಾತ್ರ ಬರಬೇಡಿ. ಆ ಹೊತ್ತಿಗೆ ಶುಕೂರ್ ನಮಾಜಿಗೆ ಹೋಗಿರುತ್ತಾರೆ, ಮೇನ್ ಸ್ವಿಚ್ ಎಲ್ಲಿದೆ ಎಂದು ಗೊತ್ತಿರುವವರು ಅವರೊಬ್ಬರೇ.

ಇಂತಿ,
ಈಗ ಸ್ವಂತ ಬಚ್ಚಲಮನೆಗೂ ಚಿಲಕ ಹಾಕದೆ, ಒಳಗಿನಿಂದ ಹಾಡು ಹೇಳಿಕೊಂಡು ಸ್ನಾನ ಮಾಡುವ
ನಾಗಲಕ್ಷ್ಮಮ್ಮ
ನಿವೃತ್ತ ಪೋಸ್ಟ್ ಮಾಸ್ಟರ್, ಕನಕಪುರ